ಅರವತ್ತರವರೆಗೆ ಎಣಿಸಿದವಳು

ಲೂವಾಗೆ ಕೋಳಿ ಕೊಯ್ಯಲು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎನ್ನುವುದಕ್ಕಿಂತ ಆಗುತ್ತಿರಲಿಲ್ಲ ಎನ್ನಬೇಕು. ನಮ್ಮೂರು ಬೆನ್ ತ್ರೆಯ ತೆಂಗಿನ ಮಿಠಾಯಿ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಕತ್ತಿ ಹಿಡಿದ ಹೆಂಗಸು, ಮನೆಯಲ್ಲಿ ಹಿರಿಯರ ತಿಥಿ ಬಂತೆಂದರೆ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಪಕ್ಕದ ಮನೆಯ ಹುವೇ ಹತ್ತಿರ ಓಡುತ್ತಿದ್ದಳು.

"ಕೊಡೇ ಇಲ್ಲಿ," ಎನ್ನುತ್ತಿದ್ದಳು ಹುವೇ. "ನಿನ್ನ ಕೈಗೆ ಸಿಕ್ಕಿದ ಕೋಳಿ ವಯಸ್ಸಾಗಿ ಸಾಯಬೇಕು, ಅಷ್ಟೇ."

ಲೂವಾ ಬೆನ್ನು ತಿರುಗಿಸಿ ಕಾಲುವೆಯ ಕಡೆ ನೋಡುತ್ತ ನಿಲ್ಲುತ್ತಿದ್ದಳು. ಎಲ್ಲ ಮುಗಿದ ಮೇಲೆ ಹುವೇ ಅವಳ ಬೆನ್ನಿಗೆ ಮೊಣಕೈಯಿಂದ ತಿವಿದು, "ಹೋಯ್ತು ನಿನ್ನ ಚಿಕ್ಕಪ್ಪ, ತಗೊಂಡ್ಹೋಗು," ಎನ್ನುತ್ತಿದ್ದಳು.

ಇಬ್ಬರೂ ನನಗಿಂತ ಹದಿನೆಂಟು ವರ್ಷ ದೊಡ್ಡವರು. ಎದುರಿಗೆ ನಾನು ಇಬ್ಬರನ್ನೂ ಅಕ್ಕ ಎಂದೇ ಕರೆದವಳು. ಇಲ್ಲಿ ಹೇಳುವ ಅನುಕೂಲಕ್ಕೆ ಹೆಸರು ಹಿಡಿಯುತ್ತಿದ್ದೇನೆ. ನನ್ನನ್ನು ಶೆಡ್ಡಿನಲ್ಲಿ ಎಲ್ಲರೂ ಊತ್ ಎನ್ನುತ್ತಿದ್ದರು. ನಮ್ಮಲ್ಲಿ ಕಡೇ ಕೂಸನ್ನು ಹಾಗೆ ಕರೆಯುವುದು. ಹುವೇ ಕೊಪ್ಪರಿಗೆಯ ಹತ್ತಿರ ನಿಂತು ತೆಂಗಿನ ಹಾಲು, ಸಕ್ಕರೆ, ಮೊಳಕೆ ಅಕ್ಕಿಯ ಪಾಕ ಕಾಯಿಸುತ್ತಿದ್ದಳು. ಆರಿದ ಮಿಠಾಯಿಯನ್ನು ಲೂವಾ ಕತ್ತರಿಸುತ್ತಿದ್ದಳು. ನಾನು ಕಾಗದ ಸುತ್ತುತ್ತಿದ್ದೆ. ಮಧ್ಯಾಹ್ನ ಅವರಿಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು. ಹುವೇ ಮಾತಾಡುವುದು, ಲೂವಾ ಮೀನಿನ ಮುಳ್ಳು ಬಿಡಿಸಿ ಅವಳ ಕಡೆ ಸರಿಸುವುದು.

ಲೂವಾ ಮದುವೆಯಾಗಲಿಲ್ಲ. ಅವಳ ತಾಯಿ ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದರು. ಅವರು ತೀರಿಕೊಳ್ಳುವ ಹೊತ್ತಿಗೆ ಕೇಳಿಕೊಂಡು ಬರುವವರೂ ಮುಗಿದಿದ್ದರು. ಹುವೇಯ ಗಂಡ ಮೀನಿನ ದೋಣಿಯಲ್ಲಿ ಹೋದವನು ಬಿರುಗಾಳಿಯಲ್ಲಿ ಸಿಕ್ಕಿ ಹಿಂದಿರುಗಲಿಲ್ಲ. ಒಬ್ಬಳೇ ಮಗಳು ಯೆನ್. ದೂರದ ಬಿಯೆನ್ ಹ್ವಾದಲ್ಲಿ ಚಪ್ಪಲಿ ಕಾರ್ಖಾನೆಯ ಕೆಲಸದವನನ್ನು ಮದುವೆಯಾಗಿ ಅಲ್ಲೇ ಇದ್ದಳು. ಹೀಗಾಗಿ ಈ ಇಬ್ಬರು ಹೆಂಗಸರಿಗೆ ಬೆಳಗ್ಗೆ ಎದ್ದರೆ ಒಬ್ಬರಿಗೊಬ್ಬರ ಮುಖವೇ.

ಅದು ತೆತ್ ಹಬ್ಬಕ್ಕೆ ಮೂರು ವಾರ ಇದ್ದ ಸಮಯ. ಹೊಸ ವರ್ಷಕ್ಕೆ ಎಲ್ಲರ ಮನೆಗೂ ಮಿಠಾಯಿ ಹೋಗಬೇಕು, ಆರು ಕೊಪ್ಪರಿಗೆಗಳೂ ಬೆಳಗಿನಿಂದ ಉರಿಯುತ್ತಿದ್ದವು. ಮೂರನೆಯ ಕೊಪ್ಪರಿಗೆಯ ಕಬ್ಬಿಣದ ಕಾಲು ಹಿಂದಿನ ವರ್ಷ ಮುರಿದು ಬೆಸುಗೆ ಹಾಕಿಸಿದ್ದು. ಹುವೇ ಹದ ನೋಡಲು ಬಗ್ಗಿ, ಒಂದು ಹನಿಯನ್ನು ತಣ್ಣೀರಿಗೆ ಬಿಡುತ್ತಿದ್ದಳು. ಬೆಸುಗೆ ಬಿಟ್ಟಿತು. ಕುದಿಯುವ ಪಾಕ ಅವಳ ಬಲಗಡೆಯ ಕುತ್ತಿಗೆಯ ಬುಡದಿಂದ ತೋಳಿನುದ್ದಕ್ಕೂ ಇಳಿದು ಬೆರಳ ತುದಿಯವರೆಗೆ ಬಂತು.

ಅವಳು ಕೂಗಲಿಲ್ಲ. ಅದು ಯಾರದೋ ತೋಳು ಎನ್ನುವಂತೆ ನೋಡುತ್ತ ನಿಂತಳು. ಕುದಿಯುವ ನೀರಾದರೆ ಹರಿದುಹೋಗುತ್ತದೆ. ಪಾಕ ಹೋಗುವುದಿಲ್ಲ, ಹಿಡಿದುಕೊಂಡು ಸುಡುತ್ತದೆ.

ನಾನು ಓಡಿದೆ. ಎಲ್ಲಿಗೆ ಎಂದರೆ ಹಲ್ಲುಜ್ಜುವ ಪೇಸ್ಟ್ ತರಲು. ನಮ್ಮಲ್ಲಿ ಸುಟ್ಟ ಗಾಯಕ್ಕೆ ಅದನ್ನೇ ಹಚ್ಚುವುದು, ನಮ್ಮಮ್ಮನೂ ಹಚ್ಚುತ್ತಿದ್ದರು. ಇನ್ನೊಬ್ಬಳು ಮೀನಿನ ಸಾಸ್ ಸೀಸೆ ತಂದಳು. ನಾನು ಪೇಸ್ಟ್ ಹಿಂಡುವಷ್ಟರಲ್ಲಿ ಲೂವಾ ನನ್ನ ಕೈಗೆ ಬಲವಾಗಿ ಹೊಡೆದು ಅದನ್ನು ಬೀಳಿಸಿದಳು. ಹುವೇಯ ಸೊಂಟ ಹಿಡಿದು ಎಳೆದೊಯ್ದು, ನೀರಿನ ದೊಡ್ಡ ಜಾಡಿಯೊಳಗೆ ತೋಳನ್ನು ಭುಜದವರೆಗೂ ಅದ್ದಿ, ಮೇಲಿನಿಂದ ಚೊಂಬಿನಲ್ಲಿ ಕುತ್ತಿಗೆಗೆ ಸುರಿಯುತ್ತಲೇ ಇದ್ದಳು. ಆಗ ಹುವೇ ಕಿರುಚಲು ಶುರು ಮಾಡಿದಳು. ಮಿಠಾಯಿ ತಣ್ಣಗಾಗಿ ತೋಳಿನ ಮೇಲೆ ಕಂದುಬಣ್ಣದ ರವಿಕೆಯ ತೋಳಿನಂತೆ ಗಟ್ಟಿಯಾಯಿತು. ಯಾರೋ ಅದನ್ನು ಕೀಳಲು ಬಂದರು. "ಯಾರಾದ್ರೂ ಮುಟ್ಟಿದ್ರೆ ನೋಡಿ," ಎಂದಳು ಲೂವಾ. ಅವಳ ಬಾಯಲ್ಲಿ ಅಂಥ ದನಿ ನಾವು ಕೇಳಿರಲಿಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ ಅರ್ಧ ದಿನ ಇಟ್ಟುಕೊಂಡು, ಇದು ನಮ್ಮ ಕೈಲಾಗುವುದಿಲ್ಲ, ಸೈಗಾನಿಗೆ ಒಯ್ಯಿರಿ ಎಂದರು. ಆಗ ನದಿಗೆ ಸೇತುವೆ ಇರಲಿಲ್ಲ. ಹಬ್ಬಕ್ಕೆ ಊರಿಗೆ ಬರುವವರ ನೂಕುನುಗ್ಗಲಿನಲ್ಲಿ ನಮ್ಮ ಗಾಡಿ ಫೆರಿ ಹತ್ತುವಷ್ಟರಲ್ಲಿ ಸಾಕುಬೇಕಾಯಿತು. ನದಿಯ ಮಧ್ಯದಲ್ಲಿ ಹುವೇ ಕಣ್ಣು ಬಿಟ್ಟಳು. ತುಟಿ ಒಣಗಿತ್ತು.

"ಲೂವಾ, ಪಾಕ ಹದವಾಗಿತ್ತು ಕಣೇ," ಎಂದಳು. "ನೋಡು ಹೆಂಗೆ ಅಂಟಿದೆ. ಮಾಲೀಕರಿಗೆ ಹೇಳು, ಇನ್ನೊಂದ್ ನಿಮಿಷಕ್ಕೆ ಇಳಿಸ್ತಿದ್ದೆ ಅಂತ."

ನಾನು ಅತ್ತೆ. ಲೂವಾ, "ಹೇಳ್ತೀನಿ, ಸುಮ್ನೆ ಮಲಕ್ಕೋ," ಎಂದಳು.

ಆಸ್ಪತ್ರೆಯಲ್ಲಿ ನರ್ಸ್ ಕಾಗದ ಹಿಡಿದು ಬಂದು, "ಇವರ ಕಡೆಯವರು ಯಾರು?" ಎಂದು ಕೇಳಿದಳು.

"ನಾನು," ಎಂದಳು ಲೂವಾ.

"ಏನಾಗಬೇಕು?"

ಲೂವಾ ಮಂಚದ ಕಡೆ ನೋಡಿ, "ತಂಗಿ," ಎಂದಳು. ಅಂದಿನಿಂದ ಏಳು ವಾರ ಆ ವಾರ್ಡಿನಲ್ಲಿ ಅವಳು ತಂಗಿಯೇ. ಯೆನ್ ಆಗ ಬಸುರಿ, ಎಂಟು ತಿಂಗಳು ತುಂಬಿತ್ತು. ಬಂದು ನೋಡಿ, ಅಮ್ಮನ ಕಾಲ ಬಳಿ ಕೂತು ಅತ್ತು, ಮೂರನೆಯ ದಿನ ತಾನೇ ತಲೆಸುತ್ತಿ ಬಿದ್ದು ವಾಪಸ್ಸು ಹೋದಳು. ಲೂವಾ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದಳು. ಬೆಳಗ್ಗೆ ದಾನದ ಗಂಜಿಯ ಸಾಲಿನಲ್ಲಿ ಪಾತ್ರೆ ಹಿಡಿದು ನಿಂತಳು. ಹಬ್ಬ ಬಂದದ್ದೂ ಹೋದದ್ದೂ ಅವಳಿಗೆ ತಿಳಿಯಲಿಲ್ಲ. ಹುವೇಯ ಎರಡೂ ತೊಡೆಗಳಿಂದ ಚರ್ಮ ತೆಗೆದು ತೋಳಿಗೆ ಹೊದಿಸಿದರು. ಪಟ್ಟಿ ಬದಲಾಯಿಸುವ ಕೋಣೆಗೆ ಒಯ್ಯುವಾಗಲೆಲ್ಲ ಹುವೇ ಬಾಗಿಲ ಚೌಕಟ್ಟನ್ನು ಎಡಗೈಯಿಂದ ಹಿಡಿದುಕೊಳ್ಳುತ್ತಿದ್ದಳಂತೆ; ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸುವುದು ತಂಗಿಯ ಕೆಲಸ.

ಮನೆಗೆ ಕಳಿಸುವ ಮುಂಚೆ ಕಸರತ್ತಿನ ಡಾಕ್ಟರಮ್ಮ ಲೂವಾಳನ್ನು ಕೂರಿಸಿಕೊಂಡರು. ಉತ್ತರದ ಕಡೆಯ ಮಾತು, ಸಣ್ಣ ಮೈಯ ಹೆಂಗಸು. ಆ ದಿನ ಬಟ್ಟೆ ತರಲು ಹೋಗಿದ್ದ ನಾನೂ ಅಲ್ಲಿದ್ದೆ.

"ಸುಟ್ಟ ಚರ್ಮ ಮಾಯ್ತಾ ಮಾಯ್ತಾ ಒಳಗೆ ಸೆಳೀತದೆ," ಎಂದರು ಅವರು. "ಬಿಟ್ರೆ ಮೊಣಕೈ ಮಡಚಿಕೊಂಡು ಹಾಗೇ ಕೂತುಬಿಡತ್ತೆ, ಬೆರಳು ಮುಷ್ಟಿ ಆಗತ್ತೆ. ದಿನಕ್ಕೆ ಐದು ಸಲ ಎಳೀಬೇಕು. ಬೆರಳು, ಮಣಿಕಟ್ಟು, ಮೊಣಕೈ, ಭುಜ. ಚರ್ಮ ಬಿಳಿಚಿಕೊಳ್ಳೋವರೆಗೆ ಎಳೆದು, ಅಲ್ಲಿ ಹಿಡಿದು ಅರವತ್ತರವರೆಗೆ ಎಣಿಸಿ. ಆಮೇಲೆ ಬಿಡಿ."

"ನೋವಾಗಲ್ವಾ?" ಎಂದಳು ಲೂವಾ.

"ಆಗತ್ತೆ. ತುಂಬಾ."

"ಎಷ್ಟು ದಿನ?"

"ದಿನ ಅಲ್ಲಮ್ಮ. ಒಂದೂವರೆ ವರ್ಷ ಅಂದ್ಕೊಳ್ಳಿ."

ಲೂವಾ ತನ್ನ ಅಂಗೈಗಳನ್ನು ನೋಡಿಕೊಂಡಳು. ಡಾಕ್ಟರಮ್ಮ ಅವಳ ಮುಖ ಗಮನಿಸಿರಬೇಕು. "ಮನೇಲಿ ಬೇರೆ ಯಾರೂ ಇಲ್ವಾ, ಸ್ವಲ್ಪ ಗಟ್ಟಿ ಮನಸ್ಸಿನವರು?" ಎಂದು ಕೇಳಿದರು.

ಇರಲಿಲ್ಲ.

ಹುವೇಯ ಮನೆಯ ಮುಂದಿನ ಮರದ ಹಲಗೆ ಮಂಚದ ಮೇಲೆ ಅದು ನಡೆಯುತ್ತಿತ್ತು. ಮೊದಲು ತೆಂಗಿನೆಣ್ಣೆ. ಅದು ಮುಗಿಯುವವರೆಗೆ ಹುವೇ ತಮಾಷೆ ಮಾಡುತ್ತಿದ್ದಳು: "ಚೆನ್ನಾಗಿ ಹಚ್ಚೇ, ಹುರಿಯೋಕ್ ಮುಂಚೆ ಎಣ್ಣೆ ಕಡಿಮೆ ಆಗ್ಬಾರ್ದು." ಆಮೇಲೆ ಲೂವಾ ಮಣಿಕಟ್ಟು ಹಿಡಿಯುತ್ತಿದ್ದಳು. ಮಾತು ನಿಲ್ಲುತ್ತಿತ್ತು. ಮೊಣಕೈಯ ಮಡಿಕೆಯಲ್ಲಿ ಕೆಂಪು ಹಗ್ಗದಂತೆ ಉಬ್ಬಿದ್ದ ಚರ್ಮ ಬಿಗಿಯಾಗಿ, ಬಿಳಿಚಿ, ಒಂದೊಂದು ಸಲ ಬಿರಿದು ರಕ್ತ ಜಿನುಗುತ್ತಿತ್ತು. ಲೂವಾ ಮೆಲ್ಲಗೆ ಎಣಿಸುತ್ತಿದ್ದಳು. ಹುವೇಯ ಕೂಗಿಗೆ ಕಾಲುವೆಯಾಚೆಯ ನಾಯಿಗಳು ಬೊಗಳುತ್ತಿದ್ದವು. ಮೊದಲ ವಾರ ಅಕ್ಕಪಕ್ಕದವರು ಓಡಿಬಂದರು, ಎರಡನೆಯ ವಾರ ಕಿಟಕಿ ಹಾಕಿಕೊಂಡರು.

ಬೆಳಗ್ಗೆ ಶೆಡ್ಡಿಗೆ ಹೋಗುವ ಮುಂಚೆ ಒಮ್ಮೆ, ಹತ್ತು ಗಂಟೆಗೆ ಓಡಿಬಂದು ಒಮ್ಮೆ, ಮಧ್ಯಾಹ್ನ, ಮೂರಕ್ಕೆ, ಸಂಜೆಗೆ. ಲೂವಾಳ ಚಪ್ಪಲಿಯ ಸದ್ದು ಕಿರುಸೇತುವೆಯ ಮೇಲೆ ಕೇಳಿದರೆ ಸಾಕು, ಹುವೇಯ ಮೈ ಬೆವರುತ್ತಿತ್ತು. ತಮಾಷೆ ತಿಂಗಳೊಳಗೆ ಬತ್ತಿತು. ಬೈಗುಳ ಬಂತು. ಹುವೇ ಬೈಯುವುದರಲ್ಲಿ ನಮ್ಮೂರಿಗೇ ಮೊದಲನೆಯವಳು, ಆದರೆ ಅವು ನಗಿಸುವ ಬೈಗುಳಗಳು; ಇವು ಹಾಗಿರಲಿಲ್ಲ.

"ನಿಂಗೆ ಗಂಡ ಇಲ್ಲ, ಮಕ್ಕಳಿಲ್ಲ," ಎಂದಳು ಒಂದು ಮಧ್ಯಾಹ್ನ. "ಯಾರ ಮೈಯೂ ಸಿಗ್ಲಿಲ್ಲ ನಿಂಗೆ. ಈಗ ನನ್ನದು ಸಿಕ್ತು, ಹಿಂಡಿ ಹಿಂಡಿ ತೀರಿಸ್ಕೋತಿದ್ದೀಯ."

"ಮೂವತ್ತೆಂಟು," ಎಂದಳು ಲೂವಾ. "ಮೂವತ್ತೊಂಬತ್ತು."

ಅರವತ್ತು ಮುಗಿಸಿ, ಮೊಣಕೈ ಮಡಚದಂತೆ ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಅಚ್ಚನ್ನು ತೋಳಿಗೆ ಕಟ್ಟಿ, ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋದೆ. ಗರಿಟೊಪ್ಪಿಯ ದಾರವನ್ನು ಗಂಟು ಹಾಕಲು ಅವಳ ಬೆರಳುಗಳಿಗೆ ಆಗುತ್ತಿರಲಿಲ್ಲ. ನಾನು ಕಟ್ಟಿದೆ. "ಅಕ್ಕ, ಹುವೇ ಅಕ್ಕ ನೋವಲ್ಲಿ ಅಂದಿದ್ದು," ಎಂದೆ.

"ಗೊತ್ತು," ಎಂದಳು. "ಆದ್ರೂ ಯೋಚನೆ ಮಾಡಿಟ್ಕೊಂಡು ಅಂದಿದ್ದಾಳಲ್ಲ."

ಮಳೆಗಾಲ ಶುರುವಾದ ತಿಂಗಳು. ಒಂದು ಮಧ್ಯಾಹ್ನ ನಾನೂ ಲೂವಾಳೂ ಜೊತೆಗೇ ಶೆಡ್ಡಿನಿಂದ ಬಂದೆವು. ಮಂಚ ಖಾಲಿ. ಒಳಗೂ ಇಲ್ಲ. ಲೂವಾ ಕಾಲುವೆಯ ಮೆಟ್ಟಿಲಿಗೆ ಓಡಿದಳು.

ನೀರು ಇಳಿದಿತ್ತು. ಇಳಿತದ ಹೊತ್ತಿನಲ್ಲಿ ನಮ್ಮ ಕಾಲುವೆಯಲ್ಲಿ ಉಳಿಯುವುದು ನಡುವೆ ಒಂದು ಗೇಣು ನೀರು, ಎರಡೂ ಕಡೆ ಕೆಸರು. ಆ ಕೆಸರಿನಲ್ಲಿ ಹುವೇ ತೊಡೆಯವರೆಗೆ ಹೂತುಹೋಗಿ ನಿಂತಿದ್ದಳು. ಮುಂದಕ್ಕೂ ಹೋಗಲಾರಳು, ಹಿಂದಕ್ಕೂ ಬರಲಾರಳು. ಸುಟ್ಟ ತೋಳನ್ನು ಮಾತ್ರ ಕೆಸರು ತಾಕದಂತೆ ಮೇಲೆತ್ತಿ ಹಿಡಿದಿದ್ದಳು. ತಲೆಯ ಮೇಲೆ ನೆತ್ತಿ ಸುಡುವ ಬಿಸಿಲು. ಎಷ್ಟು ಹೊತ್ತಿನಿಂದ ಹಾಗಿದ್ದಳೋ.

ಲೂವಾ ಬಟ್ಟೆಯ ಸಮೇತ ಇಳಿದಳು. ನಾನು ತೆಂಗಿನ ಗರಿ, ಹಲಗೆ ಎಳೆತಂದು ಹಾಸಿದೆ. ಲೂವಾ ಕೆಸರಿನಲ್ಲಿ ತೆವಳುತ್ತ ಅವಳ ಹತ್ತಿರ ಹೋಗಿ ನಿಂತಳು. ಇಬ್ಬರೂ ಸೊಂಟದವರೆಗೆ ಕೆಸರಾಗಿದ್ದರು.

"ಏನ್ ಮಾಡ್ತಿದ್ದೀಯ ಇಲ್ಲಿ?"

"ಸಾಯೋಕ್ ಬಂದೆ," ಎಂದಳು ಹುವೇ. "ನೀರೇ ಇಲ್ಲ."

"ಐದು ಗಂಟೆಗೆ ಬರತ್ತೆ," ಎಂದುಬಿಟ್ಟಳು ಲೂವಾ.

ಹುವೇ ನಕ್ಕಳು. ನಗುತ್ತ ನಗುತ್ತ ಅಳಲು ಶುರುಮಾಡಿದಳು. ನಾಲ್ಕು ತಿಂಗಳಲ್ಲಿ ಅವಳು ನೋವಿಗೆ ಕೂಗಿದ್ದಳೇ ಹೊರತು ಹೀಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಎಡಗೈಯಿಂದ ಲೂವಾಳ ಅಂಗಿ ಹಿಡಿದುಕೊಂಡಳು.

"ಇನ್ನು ನನ್ನ ಕೈ ಮುಟ್ಬೇಡ ಕಣೇ. ನಿನ್ನ ಕಾಲಿಗೆ ಬೀಳ್ತೀನಿ. ಮುರುಟಿಕೊಂಡ್ರೆ ಮುರುಟಿಕೊಳ್ಲಿ. ಮುರುಟಿದ ಕೈ ಇಟ್ಕೊಂಡೇ ಬದುಕ್ತೀನಿ. ಇಲ್ಲ ಅಂದ್ರೆ ಮುಂದಿನ ಸಲ ಹೊತ್ತು ನೋಡ್ಕೊಂಡು ಬರ್ತೀನಿ."

"ಆಯ್ತು," ಎಂದಳು ಲೂವಾ.

"ಸುಳ್ಳು ಹೇಳ್ಬೇಡ."

"ಇಲ್ಲ. ಮುಟ್ಟಲ್ಲ."

ಅದಾದ ಮೇಲೆ ಹತ್ತೊಂಬತ್ತು ದಿನ. ನನಗೆ ಲೆಕ್ಕ ಸರಿಯಾಗಿ ನೆನಪಿದೆ, ಏಕೆಂದರೆ ಅವು ಒಳ್ಳೆಯ ದಿನಗಳು. ಹುವೇ ಎರಡು ಬಟ್ಟಲು ಅನ್ನ ತಿಂದಳು. ಎಡಗೈಯಲ್ಲಿ ಚಾಪ್‌ಸ್ಟಿಕ್ ಹಿಡಿದು ಮೀನಿನ ತುಂಡನ್ನು ಉದುರಿಸಿಕೊಂಡು, "ಬೆಕ್ಕಿಗೆ ಅಂತ ಹಾಕ್ದೆ," ಎಂದಳು. ಕಾಲುವೆಯಲ್ಲಿ ದೋಣಿ ಹೋದರೆ ಕೂಗಿ ಮಾತಾಡಿಸಿದಳು. ಲೂವಾ ಸಂಜೆ ಬಂದು ಅವಳ ತಲೆ ಬಾಚುತ್ತಿದ್ದಳು. ನಾವೆಲ್ಲ ಲೂವಾಳನ್ನು ಹೊಗಳಿದೆವು. ಸಾಕಿತ್ತು ಆ ಹಿಂಸೆ, ಒಳ್ಳೆಯದು ಮಾಡಿದೆ ಎಂದೆವು. ಹಾಗೆಂದವರಲ್ಲಿ ನಾನೂ ಇದ್ದೆ. ಇನ್ನೂ ಆರಿಲ್ಲದ ಪಾಕವನ್ನು ಯಾರೋ ಮೆಲ್ಲಗೆ ಮಡಚುತ್ತಿರುವಂತೆ ಆ ತೋಳು ದಿನಕ್ಕಿಷ್ಟು ಎದೆಯ ಕಡೆಗೆ ಮಡಚಿಕೊಳ್ಳುತ್ತಿದ್ದುದನ್ನು ಕಂಡೂ ಯಾರೂ ಬಾಯಿ ಬಿಡಲಿಲ್ಲ.

ತಪಾಸಣೆಗೆ ಸೈಗಾನಿಗೆ ಹೋದಾಗ ಡಾಕ್ಟರಮ್ಮ ಅಳತೆಯ ಪಟ್ಟಿ ಇಟ್ಟು ನೋಡಿದರು. ಇನ್ನೊಮ್ಮೆ ನೋಡಿದರು. ಮೊಣಕೈ ಮೂಲೆ ಮಡಚಿದ ಕಾಗದದ ಹಾಗೆ ನಿಂತುಬಿಟ್ಟಿತ್ತು. ಕೊನೆಯ ಮೂರು ಬೆರಳುಗಳು ಅಂಗೈಗೆ ಕೂತಿದ್ದವು.

"ಯಾರು ನಿಲ್ಲಿಸಿದ್ದು?" ಎಂದು ಕೇಳಿದರು.

"ನಾನು," ಎಂದಳು ಲೂವಾ.

ಹುವೇ ನೆಲ ನೋಡುತ್ತ ಕೂತಿದ್ದಳು. ಡಾಕ್ಟರಮ್ಮ ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು. "ಮತ್ತೆ ಕೊಯ್ದು ಬಿಡಿಸ್ಬೇಕು," ಎಂದರು. "ಮತ್ತೆ ಚರ್ಮ ಹಾಕ್ಬೇಕು. ಮೊದಲಿಂದ."

ಶಸ್ತ್ರಚಿಕಿತ್ಸೆಯ ಮೂರನೆಯ ದಿನ ನಾನು ಊಟ ತೆಗೆದುಕೊಂಡು ಹೋಗಿದ್ದೆ. ಹುವೇ ಮಲಗಿದ್ದಳು, ತೊಡೆಗೆ ಹೊಸ ಪಟ್ಟಿ, ತೋಳಿಗೆ ಹೊಸ ಪಟ್ಟಿ. ಲೂವಾ ಬಟ್ಟಲಿಗೆ ಗಂಜಿ ಬಗ್ಗಿಸುತ್ತಿದ್ದಳು.

"ನನ್ನ ಮಾತು ಯಾಕೆ ಕೇಳ್ದೆ?" ಎಂದಳು ಹುವೇ, ಛಾವಣಿಯನ್ನು ನೋಡುತ್ತ.

ಲೂವಾ ಕೈ ನಿಲ್ಲಿಸಿದಳು.

"ನಾನು ನೋವಲ್ಲಿ ಹುಚ್ಚಿ ಆಗಿದ್ದೆ. ನೀನು ಹುಚ್ಚಿ ಆಗಿರ್ಲಿಲ್ಲ. ನಂಗೆ ಬುದ್ಧಿ ಇರ್ಲಿಲ್ಲ, ನಿಂಗೆ ಇತ್ತಲ್ಲ. ಯಾಕೆ ಕೇಳ್ದೆ?"

ಇದಕ್ಕಿಂತ ಅನ್ಯಾಯದ ಮಾತು ಇರಲಿಕ್ಕಿಲ್ಲ ಎಂದು ನನಗನ್ನಿಸಿತು. ನಾನು ಬಾಯಿ ತೆರೆದೆ. ಲೂವಾ ನನ್ನ ಕಡೆ ನೋಡಿ ತಲೆಯಾಡಿಸಿ ತಡೆದಳು. ಬಟ್ಟಲು ಕೆಳಗಿಟ್ಟು ಮಂಚದ ಹತ್ತಿರ ಕುಕ್ಕರಗಾಲಲ್ಲಿ ಕೂತಳು.

"ಹುವೇ, ಈಗ ನಿಂಗೆ ಬುದ್ಧಿ ಇದೆಯಾ?"

"ಇದೆ."

"ಹಾಗಾದ್ರೆ ಈಗ್ಲೇ ಹೇಳು. ಊರಿಗೆ ಹೋದ್ಮೇಲೆ ನೀನು ಬೇಡ ಅಂದ್ರೆ ನಾನು ಕೇಳ್ಬೇಕಾ?"

"ಕೇಳ್ಬೇಡ."

"ಕಾಲಿಗೆ ಬಿದ್ರೆ?"

"ಕೇಳ್ಬೇಡ."

"ಸಾಯ್ತೀನಿ ಅಂದ್ರೆ?"

ಪಕ್ಕದ ಮಂಚದವರು ಯಾರೋ ಕೆಮ್ಮಿದರು. "ಕೇಳ್ಬೇಡ," ಎಂದಳು ಹುವೇ ಕೊನೆಗೆ.

ಎರಡನೆಯ ಸಲದ್ದು ಮೊದಲಿನದಕ್ಕಿಂತ ಕಷ್ಟ, ಏಕೆಂದರೆ ಏನು ಬರಲಿದೆ ಎಂದು ಇಬ್ಬರಿಗೂ ತಿಳಿದಿತ್ತು. ಲೂವಾ ತನ್ನ ಮನೆಗೆ ಬೀಗ ಹಾಕಿ ಹುವೇಯ ಮನೆಗೆ ಬಂದು ಸೇರಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಅಮಾವಾಸ್ಯೆ ನೋಡಿ ಉಬ್ಬರದ ಹೊತ್ತುಗಳನ್ನು ಲೆಕ್ಕ ಹಾಕಿಟ್ಟುಕೊಂಡಳು. ಕಾಲುವೆ ತುಂಬುವ ಹೊತ್ತಿಗೆ ನಮ್ಮಲ್ಲಿ ಒಬ್ಬರು ಸೊಪ್ಪು ಸೋಸುವ ನೆಪದಲ್ಲಿ ಹುವೇಯ ಬಾಗಿಲಲ್ಲಿ ಕೂರುತ್ತಿದ್ದರು. ಹುವೇಗೆ ಅದು ತಿಳಿದಿತ್ತು. "ಇವತ್ತು ನಿನ್ನ ಪಾಳಿನಾ ಊತ್?" ಎನ್ನುತ್ತಿದ್ದಳು. "ಹೋಗು ಮನೆಗೆ. ಇವತ್ತಿನ ನೀರು ತುಂಬಾ ಕೊಳಕು."

ಭುಜ ಹಿಡಿದುಕೊಳ್ಳುವ ಕೆಲಸ ನನಗೆ ಬಂತು. ಲೂವಾ ಮಣಿಕಟ್ಟು ಎಳೆಯುವಾಗ ಹುವೇಯ ಇಡೀ ಮೈ ಅದರ ಹಿಂದೆ ಹೋಗದಂತೆ ಹಿಂದಿನಿಂದ ತಬ್ಬಿ ಹಿಡಿಯಬೇಕು. ತಾನೇ ಕೇಳಬೇಡ ಎಂದಿದ್ದನ್ನೆಲ್ಲ ಅವಳು ಹೇಳಿದಳು: ಬೇಡ ಎಂದಳು, ಕಾಲಿಗೆ ಬಿದ್ದಳು, ಸಾಯುತ್ತೇನೆ ಎಂದಳು. ಲೂವಾ ಯಾವುದಕ್ಕೂ ಉತ್ತರ ಕೊಡದೆ ಎಣಿಸಿದಳು. ಒಂದು ದಿನ ಹುವೇ ನನ್ನ ಮುಂಗೈ ಕಚ್ಚಿದಳು. ನಾನು ಬಿಟ್ಟುಬಿಟ್ಟೆ. "ಹಿಡ್ಕೋ," ಎಂದಳು ಲೂವಾ, ತಲೆಯೆತ್ತದೆ. ರಕ್ತ ಸುರಿಯುತ್ತಿದ್ದ ಕೈಯಿಂದಲೇ ಮತ್ತೆ ಹಿಡಿದುಕೊಂಡೆ. "ನಲವತ್ತೊಂದರಲ್ಲಿದ್ದೆ," ಎಂದು ಲೂವಾ ಮತ್ತೆ ಶುರುಮಾಡಿದಳು. ಕಲೆ ಇನ್ನೂ ಇದೆ.

ಆಮೇಲೆ ಹುವೇ ಲೂವಾಳ ಜೊತೆ ಮಾತು ಬಿಟ್ಟಳು. ಒಂದೇ ಮನೆ, ಒಂದೇ ಒಲೆ. ನಾನು ಎದುರಿಗಿದ್ದರೆ ನನ್ನ ಮೂಲಕ ಮಾತು.

"ಅವಳಿಗೆ ಹೇಳು, ಸಾರಿಗೆ ಹುಳಿ ಜಾಸ್ತಿ ಆಯ್ತು ಅಂತ."

"ಹೇಳು ಅವಳಿಗೆ," ಎನ್ನುತ್ತಿದ್ದಳು ಎರಡು ಮೊಳ ದೂರದಲ್ಲಿ ಕೂತ ಲೂವಾ, "ನಾಳೆ ಹುಣಸೆ ಕಡಿಮೆ ಹಾಕ್ತೀನಿ ಅಂತ."

ನಾನಿಲ್ಲದಾಗ ಆ ಮನೆಯಲ್ಲಿ ಏನು ಮಾತಿತ್ತೋ ತಿಳಿಯದು. ಬಹುಶಃ ಒಂದರಿಂದ ಅರವತ್ತು, ಅಷ್ಟೇ.

ಲೂವಾ ಸೊರಗಿದಳು. ಶೆಡ್ಡಿನಲ್ಲಿ ಮಿಠಾಯಿ ಕತ್ತರಿಸುವಾಗ ತುಟಿ ಅಲ್ಲಾಡುತ್ತಿತ್ತು, ಕಿವಿಗೊಟ್ಟರೆ ಎಣಿಸುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಹೆಬ್ಬೆರಳು ಕೊಯ್ದುಕೊಂಡಳು. ನಾನು ಬಟ್ಟೆ ಸುತ್ತುತ್ತಿರುವಾಗ ಅವಳೇ ಬಾಯಿ ಬಿಟ್ಟಳು.

"ಊತ್, ನಿನ್ನೆ ಅವಳು ಕೂಗಿಕೊಂಡಾಗ ನಂಗೇನೂ ಅನ್ನಿಸ್ಲಿಲ್ಲ."

"ಅಭ್ಯಾಸ ಆಗಿದೆ ಅಕ್ಕ."

"ಮೊದಲು ಅವಳ ಜೊತೆ ನಂಗೂ ಉರೀತಿತ್ತು. ನಿನ್ನೆ ನಾನು ಒಲೆ ಮೇಲಿನ ಅನ್ನ ಸೀದು ಹೋಗತ್ತಲ್ಲ ಅಂತ ಯೋಚನೆ ಮಾಡ್ತಿದ್ದೆ. ಅವಳ ಕೈ ನನ್ನ ಕೈಲಿತ್ತು, ಚರ್ಮ ಬಿಳಿಚಿತ್ತು, ಅವಳು ಅಮ್ಮಾ ಅಂತಿದ್ಲು. ನಾನು ಅನ್ನದ ಬಗ್ಗೆ ಯೋಚನೆ ಮಾಡ್ತಿದ್ದೆ." ಅವಳು ಬೆರಳನ್ನು ಎಳೆದುಕೊಂಡಳು. "ಇದು ವಾಸಿಯಾಗೋ ಹೊತ್ತಿಗೆ ನಾನು ಏನಾಗಿರ್ತೀನೋ."

ಆ ಸಂಜೆ ಐದನೆಯ ಸಲದ್ದಕ್ಕೆ ಅವಳು ಹೊತ್ತಿಗೆ ಸರಿಯಾಗಿ ಹೋದಳು.

ಬಿಯೆನ್ ಹ್ವಾದಿಂದ ಯೆನ್ ಮಗುವನ್ನು ಎತ್ತಿಕೊಂಡು ಬಂದಳು. ಎರಡು ದಿನ ನೋಡಿ, "ಅಮ್ಮನ್ನ ಹೀಗೆ ಹಿಂಸೆ ಮಾಡೋದು ಬೇಡ, ನಾನು ಕರ್ಕೊಂಡ್ ಹೋಗ್ತೀನಿ," ಎಂದು ಅತ್ತಳು. ಲೂವಾ ಮಗುವನ್ನು ನನ್ನ ಕೈಗೆ ಕೊಟ್ಟು, ಯೆನ್‌ಳ ಎರಡೂ ಕೈಗಳನ್ನು ಹುವೇಯ ಮಣಿಕಟ್ಟಿನ ಮೇಲೆ ಇಟ್ಟಳು. "ಕರ್ಕೊಂಡ್ ಹೋಗು. ಆದ್ರೆ ಒಂದ್ಸಲ ನನ್ನ ಮುಂದೆ ಅರವತ್ತು ಎಣಿಸಿ ತೋರ್ಸು." ಯೆನ್ ಹದಿನಾಲ್ಕಕ್ಕೆ ಬಿಟ್ಟು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ಮರುದಿನ ಅಮ್ಮನನ್ನು ಬಿಟ್ಟು ಮಗುವಿನೊಂದಿಗೆ ಹಿಂದಿರುಗಿದಳು.

ಆಸ್ಪತ್ರೆಯವರು ಸಾಕು ಎಂದದ್ದು ಅಪಘಾತವಾಗಿ ಒಂದು ವರ್ಷ ಹತ್ತು ತಿಂಗಳಿಗೆ. ಮೊಣಕೈ ಹೆಚ್ಚುಕಡಿಮೆ ನೇರವಾಗಿ ಚಾಚುತ್ತಿತ್ತು. ಹೆಬ್ಬೆರಳು ಮತ್ತು ಎರಡು ಬೆರಳು ಹಿಡಿಯುತ್ತಿದ್ದವು. ಕೊನೆಯ ಎರಡು ಬಗ್ಗಿದಂತೆಯೇ ಉಳಿದವು. ಕೈ ಭುಜಕ್ಕಿಂತ ಮೇಲೆ ಏಳುತ್ತಿತ್ತು. ಡಾಕ್ಟರಮ್ಮ ಅಳತೆ ಬರೆದುಕೊಂಡು, ಹುವೇಗೆ ಏನೂ ಹೇಳದೆ, ಎದ್ದು ಬಂದು ಲೂವಾಳ ಹೆಗಲ ಮೇಲೆ ಕೈಯಿಟ್ಟರು. ಲೂವಾ ಗೋಡೆಯ ಕಡೆಗೆ ತಿರುಗಿಕೊಂಡಳು.

ಒಂದು ವಾರದ ನಂತರ, ಬೆಳಗ್ಗೆ. ನಾನು ಬಾಳೆಹಣ್ಣು ಕೊಡಲು ಹೋಗಿದ್ದೆ. ಹುವೇ ಕನ್ನಡಿಯ ಮುಂದೆ ನಿಂತು ಎರಡೂ ಕೈ ಎತ್ತಿ ತನ್ನ ಕೂದಲನ್ನು ತಾನೇ ಸುತ್ತಿ ಗಂಟು ಹಾಕುತ್ತಿದ್ದಳು. ಮೂರು ಸಲ ಜಾರಿತು, ನಾಲ್ಕನೆಯ ಸಲ ನಿಂತಿತು. ಲೂವಾ ಅಡಿಗೆಮನೆಯ ಬಾಗಿಲಿನಿಂದ ನೋಡುತ್ತಿದ್ದಳು. ಮುಖದಲ್ಲಿ ನಗು ಬಂದಿತ್ತು. ಎಷ್ಟು ಕಾಲವಾಗಿತ್ತೋ ಅದನ್ನು ನೋಡಿ. ಕುತ್ತಿಗೆಯ ಹತ್ತಿರ ಒಂದು ಎಳೆ ತಪ್ಪಿಸಿಕೊಂಡಿತ್ತು. ಅದನ್ನು ಸೇರಿಸಲು ಹತ್ತಿರ ಹೋಗಿ ಕೈ ಚಾಚಿದಳು.

ಹುವೇ ಹಾರಿಬಿದ್ದು ಗೋಡೆಗೆ ಬಡಿದುಕೊಂಡಳು. ಕನ್ನಡಿ ಕೆಳಗೆ ಬಿತ್ತು. ಬಲಗೈಯನ್ನು ಎದೆಗೆ ಅವುಚಿ ಹಿಡಿದು, ಮುಖ ಬಿಳಿಚಿ, ಏದುಸಿರು ಬಿಡುತ್ತ ನಿಂತಳು.

ಲೂವಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಸಿಟ್ಟಿಲ್ಲ ಕಣೇ," ಎಂದಳು ಹುವೇ. ಹತ್ತು ತಿಂಗಳ ಮೇಲೆ ಅವಳೊಂದಿಗೆ ನೇರವಾಗಿ ಆಡಿದ ಮೊದಲ ಮಾತು. "ನಿನ್ನ ಮೇಲೆ ನಂಗೆ ಸಿಟ್ಟಿಲ್ಲ. ನೀನಿಲ್ದಿದ್ರೆ ಈ ಕೈ ಇರ್ತಿರ್ಲಿಲ್ಲ, ನಾನೂ ಇರ್ತಿರ್ಲಿಲ್ಲ. ನಂಗೆ ಗೊತ್ತು. ಮೈಗೆ ಗೊತ್ತಾಗ್ತಿಲ್ಲ. ನಿನ್ನ ಚಪ್ಪಲಿ ಸದ್ದು ಕೇಳಿದ್ರೆ ಈಗ್ಲೂ ಬೆವರು ಬರತ್ತೆ. ನಾನೇನ್ ಮಾಡ್ಲಿ ಲೂವಾ?"

"ನೀನೇನ್ ಮಾಡ್ತೀಯ," ಎಂದಳು ಲೂವಾ. ಕೂತು ಕನ್ನಡಿಯ ಚೂರುಗಳನ್ನು ಆರಿಸತೊಡಗಿದಳು.

ಆ ತಿಂಗಳಲ್ಲೇ ಹುವೇ ಮಗಳ ಹತ್ತಿರ ಹೋದಳು. ಮೊಮ್ಮಗುವನ್ನು ನೋಡಿಕೊಳ್ಳಬೇಕು ಎಂದು ಊರಿಗೆಲ್ಲ ಹೇಳಿದ್ದು. ಬಸ್ಸಿನವರೆಗೆ ನಾನು ಚೀಲ ಹೊತ್ತೆ. ಲೂವಾ ಹತ್ತು ಹೆಜ್ಜೆ ಹಿಂದೆ ಬಂದಳು, ಬರಿಗಾಲಲ್ಲಿ. ಬಸ್ಸು ಹೊರಟ ಮೇಲೂ ಹುವೇಯ ತಲೆ ಕಿಟಕಿಯ ಹೊರಗಿತ್ತು. ಬಲಗೈ ಬೀಸುತ್ತಿದ್ದಳು, ಎರಡು ಬೆರಳು ಬಗ್ಗಿದ ಕೈ.

ಲೂವಾ ಆ ಬಳಿಕ ಎರಡು ವರ್ಷ ಯಾರೊಂದಿಗೂ ಸರಿಯಾಗಿ ಬೆರೆಯಲಿಲ್ಲ. ಶೆಡ್ಡಿಗೆ ಬರುವುದು, ಹೋಗುವುದು. ಯಾರ ಮಗುವನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ನನ್ನ ಮಗಳು ಹುಟ್ಟಿದಾಗ ನೋಡಲು ಬಂದು ಬಾಗಿಲಲ್ಲೇ ನಿಂತಳು; ನಾನೇ ಎದ್ದು ಹೋಗಿ ಅವಳ ತೋಳಿಗೆ ಮಗುವನ್ನು ಹಾಕಿದೆ. ಮಗು ಅಳದೆ ಮಲಗಿತ್ತು. ಅವಳು ಅಲ್ಲಾಡದೆ ಒಂದು ಗಂಟೆ ಕೂತಿದ್ದಳು.

ಊರಿಗೆ ಮೊಬೈಲು ಬಂದ ಮೇಲೆ ಒಂದು ಭಾನುವಾರ ಹುವೇ ಫೋನ್ ಮಾಡಿದಳು. ಅಳಿಯನ ಗೊರಕೆ, ಪಕ್ಕದ ಮನೆಯವಳ ಜಗಳ, ಏನೇನೋ. ಲೂವಾ ಫೋನನ್ನು ಕಿವಿಗೆ ಒತ್ತಿಕೊಂಡು ಕಾಲುವೆಯ ಮೆಟ್ಟಿಲ ಮೇಲೆ ಕೂತು ನಕ್ಕದ್ದು ನನ್ನ ಅಂಗಳಕ್ಕೆ ಕೇಳಿಸಿತು. ಅಂದಿನಿಂದ ವಾರ ತಪ್ಪಿಲ್ಲ. ಫೋನಿನಲ್ಲಿ ಅವರು ಮೊದಲಿನ ಹಾಗೆಯೇ.

ಎದುರಿಗೆ ಹಾಗಲ್ಲ. ಎರಡು ವರ್ಷಕ್ಕೊಮ್ಮೆ ತೆತ್‌ಗೆ ಹುವೇ ಬರುತ್ತಾಳೆ. ತನ್ನ ಮನೆ ಬಿದ್ದುಹೋಗಿರುವುದರಿಂದ ನಮ್ಮಲ್ಲಿ ಇಳಿದುಕೊಳ್ಳುತ್ತಾಳೆ. ಲೂವಾ ಊಟಕ್ಕೆ ಬರುವ ಮುಂಚೆ ದೂರದಿಂದಲೇ ಕೂಗಿ ಹೇಳಿ, ಚಪ್ಪಲಿ ಬಿಟ್ಟು ಬರುತ್ತಾಳೆ. ಇಬ್ಬರಿಗೂ ಅರವತ್ತು ದಾಟಿದೆ. ಈ ವರ್ಷ ಮೇಜಿನ ಆ ಕಡೆ ಹುವೇ, ಈ ಕಡೆ ಲೂವಾ. ಹುವೇ ಬಲಗೈಯ ಮೂರು ಬೆರಳಿನಲ್ಲಿ ಚಾಪ್‌ಸ್ಟಿಕ್ ಹಿಡಿದು 'ಬಾನ್ ತೆತ್' ಕಡುಬಿನ ತುಂಡೊಂದನ್ನು ಲೂವಾಳ ಬಟ್ಟಲಿಗೆ ಹಾಕಿ, "ತಿನ್ನೇ, ಕಡ್ಡಿ ಆಗಿದ್ದೀಯ," ಎಂದಳು. ಲೂವಾ ಹೂಂ ಎಂದಳು, ಆದರೆ ತಿನ್ನಲು ಕೈ ಎತ್ತಲಿಲ್ಲ. ಹುವೇ ಮಾತಿನಲ್ಲಿ ಮುಳುಗಿ ಮೈ ಸಡಿಲ ಮಾಡಿಕೊಳ್ಳುವವರೆಗೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು.